ಪಿತ್ತಕೋಶದ ಕಲ್ಲೂ ಸ್ಕ್ಯಾನ್ ವರದಿಯೂ

ಮನೆಯಲ್ಲೊಬ್ಬರಿಗೆ ಹೊಟ್ಟೆನೋವು ಬಂದು, ವೈದ್ಯರ ಮಾತಿನಂತೆ ಸ್ಕ್ಯಾನ್ ಮಾಡಿಸಿದರೆ, ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯೊಂದು ಗೃಹಸ್ಥನ ಕೈಗೆ ಬರುವುದು. ಕಲ್ಲು ಇದೆಯೆಂದು ಕೇಳಿದೊಡನೆಯೇ ಕೆಲವರು ಧೈರ್ಯಗುಂದುವರು. ‘ನಾರ್ಮಲ್’ ಎಂಬ ಮಾತನ್ನು ಕಂಡು ಮತ್ತೆ ಕೆಲವರು ತೀವ್ರವಾದ ನೋವನ್ನೂ ಅಲಕ್ಷಿಸುವರು. ಇವೆರಡೂ ಸರಿಯಲ್ಲ. ಕಲ್ಲು ಉಂಟೆಂಬುದಕ್ಕಿಂತಲೂ ಅದು ಎಲ್ಲಿದೆ, ಯಾವ ದಾರಿಯನ್ನು ತಡೆದಿದೆ ಎಂಬುದೇ ಮುಖ್ಯವಾದುದೆಂದು ನಮ್ಮ ವಾಚಕರಿಗೆ ಇಲ್ಲಿ ವಿವರಿಸಬಯಸುವೆವು.

ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿ 1982ರಲ್ಲಿ ಮುಗಿದ ಬಸವಸಾಗರವನ್ನು ಬಲ್ಲವರಿಗೆ ಈ ವಿಷಯವು ಸುಲಭವಾಗಿ ಮನಗಾಣುವುದು. ಅಲ್ಲಿ ನಿಂತ ನೀರು ಬಾಗಿಲು ತೆರೆದಾಗ ಎಡದಂಡೆಯ ಕಾಲುವೆಯಿಂದ ಸುರಪುರ ಶಹಾಪುರಗಳ ಹೊಲಗಳಿಗೆ ಹರಿಯುವಂತೆ, ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸವು ಪಿತ್ತಕೋಶವೆಂಬ ಸಣ್ಣ ಚೀಲದಲ್ಲಿ ನಿಂತು, ಊಟವಾದ ಮೇಲೆ ಪಿತ್ತನಾಳದ ಮಾರ್ಗವಾಗಿ ಕರುಳಿಗೆ ಇಳಿಯುವುದು. ಜಠರದ ಹಿಂದೆ ಅಡ್ಡಲಾಗಿರುವ ಮೇದೋಜ್ಜೀರಕ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಅದೇ ಬಾಯಿಯಲ್ಲಿ ಬಂದು ಕೂಡುತ್ತದೆ. ಜಲಾಶಯದ ತಳದಲ್ಲಿರುವ ಕಲ್ಲು ಯಾರನ್ನೂ ಬಾಧಿಸದು. ಅದೇ ಕಲ್ಲು ಬಾಗಿಲಿಗೆ ಸಿಕ್ಕಿಕೊಂಡರೆ ಹರಿವೇ ನಿಲ್ಲುವುದು. ಹಾಗೆಯೇ ಜಾರಿದ ಕಲ್ಲು ಈ ಬಾಯಿಯಲ್ಲಿ ಸಿಕ್ಕಿದರೆ, ಪಿತ್ತವು ಹಿಂದೆ ನಿಂತು ಕಾಮಾಲೆಯಾಗುವುದು. ಗ್ರಂಥಿಯ ಜೀರ್ಣರಸವು ಗ್ರಂಥಿಯನ್ನೇ ಸುಡತೊಡಗಿ ಉರಿಯೂತವಾಗುವುದು. ಈ ಸಂಬಂಧವನ್ನು ಅಮೇರಿಕದ ವೈದ್ಯ ಯೂಜೀನ್ ಓಪಿಯವರು 1901ರಲ್ಲಿ ತೋರಿಸಿಕೊಟ್ಟರು. ಇಂತಹ ಉರಿಯೂತಕ್ಕೆ ಕಲ್ಲು ಮತ್ತು ಮದ್ಯಪಾನಗಳೇ ಪ್ರಧಾನ ಕಾರಣಗಳು.

ಇನ್ನು ವರದಿಯ ಮಾತುಗಳನ್ನು ನೋಡೋಣ. ‘ಕ್ಯಾಲ್ಕುಲಸ್’ ಎಂದರೆ ಕಲ್ಲು. ‘ಅಕೌಸ್ಟಿಕ್ ಶ್ಯಾಡೋ’ ಎಂದರೆ ಶಬ್ದದ ಅಲೆಯು ಕಲ್ಲನ್ನು ದಾಟಲಾರದೆ ಹಿಂದೆ ಬಿದ್ದ ನೆರಳು. ಪಿತ್ತಕೋಶದ ಗೋಡೆಯು ಸಾಮಾನ್ಯವಾಗಿ 3 ಮಿಲಿಮೀಟರನ್ನು ಮೀರದು. ಅದು ದಪ್ಪವಾಗಿ, ಸುತ್ತ ನೀರು ಸೇರಿ, ಒತ್ತಿದಾಗ ನೋವೂ ಇದ್ದರೆ ಕೋಶವು ಬಾತಿದೆಯೆಂಬ ಸಂಶಯಕ್ಕೆ ಎಡೆಯುಂಟು. ‘ಸಿ.ಬಿ.ಡಿ.’ ಎಂಬುದು ಪಿತ್ತನಾಳ. ಅದು ಸುಮಾರು 6 ಮಿಲಿಮೀಟರಿಗಿಂತ ಹಿಗ್ಗಿದ್ದರೆ ಕೆಳಗೆ ತಡೆಯಿರಬಹುದು. ಆದರೆ ವಯಸ್ಸಾದವರಲ್ಲಿಯೂ, ಪಿತ್ತಕೋಶವನ್ನು ತೆಗೆಸಿಕೊಂಡವರಲ್ಲಿಯೂ ತಡೆಯಿಲ್ಲದೆಯೇ ಸ್ವಲ್ಪ ಹಿಗ್ಗಿರುವುದುಂಟು.

ಪಿತ್ತಕೋಶದೊಳಗಿನ ಕಲ್ಲನ್ನು ಈ ಯಂತ್ರವು ಬಹಳ ಚೆನ್ನಾಗಿ ಕಾಣುವುದು. ನಾಳದೊಳಗಿನ ಕಲ್ಲು ಅನೇಕ ವೇಳೆ ಅದರ ಕಣ್ಣಿಗೆ ತಪ್ಪುವುದು. ಮೇದೋಜ್ಜೀರಕದ ಮುಂದೆ ಕರುಳಿನ ವಾಯು ತುಂಬಿದ್ದರೆ ‘ಅಬ್ಸ್‌ಕ್ಯೂರ್ಡ್ ಬೈ ಬವೆಲ್ ಗ್ಯಾಸ್’ ಎಂದು ಬರೆಯುವರು. ಗ್ರಂಥಿಯು ಕಾಣಿಸಲಿಲ್ಲವೆಂದು ಇದರ ಅರ್ಥವೇ ಹೊರತು, ಅದು ಆರೋಗ್ಯವಾಗಿದೆಯೆಂದಲ್ಲ. ಗೃಹಸ್ಥರು ಈ ಒಂದು ಸಾಲನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು.

ಉರಿಯೂತವನ್ನು ನಿರ್ಣಯಿಸಲು ವೈದ್ಯರು ಮೂರು ಸಾಕ್ಷಿಗಳನ್ನು ನೋಡುವರು: ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ಕಠಿಣವಾದ ನೋವು; ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಸಹಜದ ಮೇರೆಗಿಂತ ಮೂರು ಪಟ್ಟಿಗೆ ಏರಿರುವುದು; ಚಿತ್ರದಲ್ಲಿ ಕಾಣುವ ಬಾವು. ಇವುಗಳಲ್ಲಿ ಎರಡು ಇದ್ದರೆ ಸಾಕು. ಆದಕಾರಣ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ರೋಗವಿರಬಹುದು. ಸಂಶಯವುಳಿದರೆ ಸಿ.ಟಿ. ಚಿತ್ರವನ್ನೋ, ನಾಳಗಳನ್ನು ತೋರಿಸುವ ಎಂ.ಆರ್.ಸಿ.ಪಿ.ಯನ್ನೋ ಮಾಡಿಸುವರು. ರೋಗವು ಬಹುಮಂದಿಯಲ್ಲಿ ಸೌಮ್ಯವಾಗಿದ್ದು ಕೆಲವು ದಿನಗಳಲ್ಲಿ ಶಮನವಾಗುವುದು. ಸುಮಾರು ಐದರಲ್ಲಿ ಒಬ್ಬರಿಗೆ ಉಲ್ಬಣಿಸಿ ಪ್ರಾಣಸಂಕಟವನ್ನೂ ತರಬಲ್ಲುದು.

ನೋವಿಲ್ಲದೆ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಕಲ್ಲು ಕಂಡರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗದು. ಅಂಥವರಲ್ಲಿ ಹೆಚ್ಚಿನವರಿಗೆ ಎಂದಿಗೂ ತೊಂದರೆಯಾಗುವುದಿಲ್ಲ. ಆದರೆ ಕಲ್ಲಿನಿಂದ ಒಮ್ಮೆ ಉರಿಯೂತವಾದವರು ನೋವು ತಗ್ಗಿತೆಂದು ಮೈಮರೆಯಲಾಗದು. ಹಾಲೆಂಡಿನ ವೈದ್ಯರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಸೌಮ್ಯವಾದ ಉರಿಯೂತದ ತರುವಾಯ ಆಸ್ಪತ್ರೆಯಿಂದ ಹೊರಡುವ ಮೊದಲೇ ಪಿತ್ತಕೋಶವನ್ನು ತೆಗೆಸಿಕೊಂಡವರಲ್ಲಿ ನೂರಕ್ಕೆ 5 ಮಂದಿಗೂ, ಕೆಲವು ವಾರ ತಡೆದವರಲ್ಲಿ ನೂರಕ್ಕೆ 17 ಮಂದಿಗೂ ಕಲ್ಲಿನ ತೊಂದರೆಯು ಮರುಕಳಿಸಿತು. ಈ ಚೀಲವಿಲ್ಲದೆಯೂ ಮನುಷ್ಯನು ಸುಖವಾಗಿ ಬಾಳಬಲ್ಲನು. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಖ್ ಎಂಬವರು ಮೊದಲು ತೆಗೆದಂದಿನಿಂದ ಇದು ಅನುಭವಸಿದ್ಧವಾಗಿದೆ.

ಬಹಳ ನೀರು ಕುಡಿದರೆ ಈ ಕಲ್ಲು ಕರಗೀತೆಂದು ನಂಬಿರುವವರುಂಟು. ಮೂತ್ರದ ಸಣ್ಣ ಕಲ್ಲು ನೀರಿನೊಡನೆ ಇಳಿಯಬಹುದು. ಪಿತ್ತದ ಕಲ್ಲಿನ ದಾರಿಯೇ ಬೇರೆ. ಎಣ್ಣೆ ಕುಡಿದು ಅದನ್ನು ಹೊರಡಿಸುವೆವೆಂಬ ಮಾತಿಗೂ ಕಿವಿಗೊಡಬಾರದು.

ಸ್ಕ್ಯಾನಿಗೆ ಹೋಗುವಾಗ ವೈದ್ಯರು ಹೇಳಿದಂತೆ 6ರಿಂದ 8 ತಾಸು ಉಪವಾಸವಿರಬೇಕು. ಉಂಡರೆ ಪಿತ್ತಕೋಶವು ಕುಗ್ಗಿ ಸರಿಯಾಗಿ ಕಾಣಿಸದು. ಹಳೆಯ ವರದಿಗಳನ್ನೆಲ್ಲ ಜೋಡಿಸಿ ಒಯ್ಯುವುದು ಒಳಿತು. ಆದರೆ ಬಿಡದ ನೋವು, ನಿಲ್ಲದ ವಾಂತಿ, ಚಳಿಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ಇವುಗಳಲ್ಲಿ ಒಂದು ಕಂಡರೂ ವರದಿಯ ಅರ್ಥವನ್ನು ವಿಚಾರಿಸುತ್ತ ಕೂಡಬಾರದು. ನಾರಾಯಣಪುರದಂತಹ ಊರುಗಳವರು ದೊಡ್ಡ ಆಸ್ಪತ್ರೆಗೆ ದೂರ ಸಾಗಬೇಕಾದುದರಿಂದ, ‘ಪಿತ್ತ ಕೆರಳಿದೆ, ಬೆಳಗಾಗಲಿ’ ಎಂದು ರಾತ್ರಿಯನ್ನು ಕಳೆಯದೆ 108ಕ್ಕೆ ಕರೆಮಾಡಿ ಹೊರಡತಕ್ಕದ್ದು. ಹಾಳೆಯು ವೈದ್ಯನಿಗೆ ಸಹಾಯಕವೇ ಹೊರತು ವೈದ್ಯನಲ್ಲ. ರೋಗಿಯ ನೋವೇ ಮೊದಲನೆಯ ವರದಿ.