ನೀರು ಬರುವ ಮುಂಚೆ ಮನೆಗೊಂದು ವಿಮೆ

ಗುಂಡ್ಲುಪೇಟೆ ಕಡೆ ಮನೆಗೆ ನೆರೆಯ ವಿಮೆ ಮಾಡಿಸಿ ಎಂದರೆ, ‘ಕುಡಿಯೋಕೇ ನೀರಿಲ್ಲ, ನೆರೆ ಎಲ್ಲಿಂದ ಬಂದೀತು?’ ಎನ್ನುವವರೇ ಹೆಚ್ಚು. ಮಳೆನೆರಳಿನ ಸೀಮೆಯಲ್ಲಿ ಆ ಮಾತು ಸಹಜ. ಆದರೆ 2022ರಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ತುಂಬಿ, ಹೊಳೆ ಉಕ್ಕಿ ಯಳಂದೂರು ಕಡೆಯ ಊರುಗಳಿಗೆ ನುಗ್ಗಿತು. ಕೊಳ್ಳೇಗಾಲದ ದಾಸನಪುರ, ಹಳೇ ಹಂಪಾಪುರ, ಮುಳ್ಳೂರಿನವರು 2018, 2019ರಲ್ಲಿ ಕಂಡದ್ದು ಬೇರೆ ಬಗೆಯ ನೆರೆ. ಅಲ್ಲಿ ಮಳೆಯೇ ಬೀಳಬೇಕಿಲ್ಲ. ಕಬಿನಿ, ಕೆಆರ್‌ಎಸ್ ಜಲಾಶಯಗಳಿಂದ ನೀರು ಬಿಟ್ಟರೆ ಸಾಕು. ಗುಂಡ್ಲುಪೇಟೆ, ಚಾಮರಾಜನಗರದಲ್ಲಿ ಭಯ ಹೆಚ್ಚು ಇರುವುದು ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ. ಕೆರೆ ಕೋಡಿ ಬಿದ್ದಾಗ, ಹೂಳು ತುಂಬಿದ ಚರಂಡಿಗೆ ನೀರು ಹಿಡಿಸದೆ ಅದು ಬೀದಿಗೆ, ಮನೆಗೆ ತಿರುಗುತ್ತದೆ.

ಹಳೆಯ ಹೆಂಚಿನ ಮನೆಯ ಮಣ್ಣುಗೋಡೆಯನ್ನು ನೋಡಿ. ಮೊಣಕಾಲುದ್ದ ನೀರು ಒಂದು ರಾತ್ರಿ ನಿಂತರೂ ತೇವ ಅದಕ್ಕಿಂತ ಮೇಲಕ್ಕೆ ಏರುತ್ತದೆ. ನೀರು ಇಳಿದು, ಬಿಸಿಲು ಬಂದು, ಗಂಡಾಂತರ ಕಳೆಯಿತು ಎಂದುಕೊಂಡ ಮೇಲೆ ಬುಡ ಕರಗಿದ ಗೋಡೆ ಕುಸಿಯುತ್ತದೆ. ಜೀವ ಹೋಗುವುದೂ ಆಗಲೇ. ಗೋಡೆ ಪೂರ್ತಿ ಒಣಗಿ, ಗಾರೆಯವರು ಬಂದು ನೋಡುವವರೆಗೆ ಅದರ ಮಗ್ಗುಲಲ್ಲಿ ಯಾರನ್ನೂ ಮಲಗಿಸಬೇಡಿ.

ಸರ್ಕಾರದ ಪರಿಹಾರ ಬರುತ್ತದಲ್ಲ ಎನ್ನಬಹುದು. ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.2 ಲಕ್ಷ ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕೆ ಸೇರಿಸಿ ಕೊಟ್ಟಿದೆ. ಆದರೂ ಆ ಹಣದಲ್ಲಿ ಮನೆ ಏಳುವುದಿಲ್ಲ.

ವಿಮೆಯಲ್ಲಿ ಕೇಳಬೇಕಾದ ಹೆಸರು ‘ಭಾರತ್ ಗೃಹ ರಕ್ಷಾ’. 2021ರ ಏಪ್ರಿಲ್‌ನಿಂದ ಬೆಂಕಿ ವಿಮೆ ಮಾಡುವ ಎಲ್ಲ ಕಂಪನಿಗಳೂ ಇದನ್ನು ಒಂದೇ ನಿಯಮದಲ್ಲಿ ಕೊಡಬೇಕು. ಬೆಂಕಿ, ಸಿಡಿಲು, ಬಿರುಗಾಳಿ, ಭೂಕಂಪದ ಜೊತೆ ನೆರೆಯೂ ಇದರೊಳಗೇ ಇದೆ. ಹೆಚ್ಚಿನವರು ಎಡವುವುದು ಮೊತ್ತದಲ್ಲಿ. ಸೈಟಿನ ಬೆಲೆ ಇಲ್ಲಿ ಲೆಕ್ಕಕ್ಕೇ ಇಲ್ಲ, ಮನೆಯನ್ನು ಮತ್ತೆ ಕಟ್ಟುವ ಖರ್ಚಷ್ಟೇ ಲೆಕ್ಕ. 800 ಚದರಡಿಯ ಮನೆಗೆ ಚದರಡಿಗೆ 2,000 ರೂಪಾಯಿ ಹಿಡಿದರೆ 16 ಲಕ್ಷ. ಅದರ ಶೇ 20, ಅಂದರೆ 3.2 ಲಕ್ಷ, ಮನೆಯ ಸಾಮಾನಿಗೆ ತಾನಾಗಿ ಸೇರುತ್ತದೆ. ಸಾಮಾನಿಗೆ ಹೀಗೆ ಸೇರುವ ಮೊತ್ತದ ಮಿತಿ 10 ಲಕ್ಷ. ಮೊತ್ತ ತುಸು ಕಡಿಮೆ ಬರೆಸಿದ್ದರೂ ಆ ಕಾರಣಕ್ಕೆ ಪರಿಹಾರ ಕತ್ತರಿಸುವಂತಿಲ್ಲ. ಬಾಡಿಗೆ ಮನೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು.

ನಗದಿಗೆ ರಕ್ಷಣೆಯಿಲ್ಲ, ಒಡವೆಗೆ ಬೇರೆ ಬರೆಸಬೇಕು. ನಮ್ಮ ಚಾಮರಾಜನಗರ ಜಿಲ್ಲೆಯವರು ಇನ್ನೊಂದನ್ನು ಗಮನಿಸಬೇಕು. ಬೆಲೆ ಬರಲಿ ಎಂದು ಪಡಸಾಲೆಯಲ್ಲಿ ಪೇರಿಸಿಟ್ಟ ಅರಿಶಿನದ ಮೂಟೆ ಮನೆಯ ಸಾಮಾನಲ್ಲ, ಮಾರಾಟದ ಸರಕು. ದನಕರುಗಳಿಗೂ ಬೇರೆಯೇ ವಿಮೆ. ಗರಿ, ಹುಲ್ಲು, ಟಾರ್ಪಾಲಿನ ಸೂರನ್ನು ‘ಕಚ್ಚಾ’ ಎಂದು ಪರಿಗಣಿಸುತ್ತಾರೆ. ಗೋಡೆ ಮಣ್ಣಿನದಾದರೆ ಅರ್ಜಿಯಲ್ಲಿ ಹಾಗೆಯೇ ಬರೆಸಿ. ಮುಚ್ಚಿಟ್ಟರೆ ಕಷ್ಟ ಬಂದ ದಿನ ಅದೇ ತಕರಾರಾಗುತ್ತದೆ. ಹಳತಾಗಿ ಬಿರುಕು ಬಿಟ್ಟ ಗೋಡೆಗೂ ಪಾಲಿಸಿ ಶುರುವಾಗುವ ಮುಂಚಿನ ಹಾನಿಗೂ ಹಣ ಸಿಗದು.

ಮನೆಯ ಸಿದ್ಧತೆಗೆ ಹೆಚ್ಚು ಖರ್ಚಿಲ್ಲ. ಮಳೆಗಾಲಕ್ಕೆ ಮುಂಚೆ ಮನೆ ಮುಂದಿನ ಚರಂಡಿಯ ಹೂಳು ತೆಗೆಸಿ, ಗೋಡೆಯ ಬುಡದಿಂದ ನೀರು ಆಚೆ ಹರಿಯುವಂತೆ ಮಣ್ಣಿನ ಇಳಿಜಾರು ಮಾಡಿ. ಸ್ವಿಚ್ ಬೋರ್ಡುಗಳನ್ನು ಎತ್ತರಕ್ಕೆ ಹಾಕಿಸಿ. ಹೊಸಿಲಿಗೆ ಅಡ್ಡ ಇಡಲು ಮರಳಿನ ಚೀಲ ಇರಲಿ. ನೀರು ಬರುವ ಸೂಚನೆ ಸಿಕ್ಕೊಡನೆ ಮೇನ್ ಆಫ್ ಮಾಡಿ, ಗ್ಯಾಸ್ ಬಂದ್ ಮಾಡಿ ಸಿಲಿಂಡರನ್ನು ಕಟ್ಟಿಹಾಕಿ, ದನದ ಹಗ್ಗ ಬಿಚ್ಚಿ. ಇ-ಸ್ವತ್ತಿನ ನಮೂನೆ 9, 11, ಕಂದಾಯದ ರಸೀದಿ, ಪಾಲಿಸಿಯ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ ಅಟ್ಟದ ಮೇಲಿರಲಿ. ಅವುಗಳ ಫೋಟೊ ಊರಾಚೆ ಇರುವ ಮಕ್ಕಳ ಮೊಬೈಲಿನಲ್ಲೂ ಇರಲಿ.

ನೀರು ಇಳಿದ ಮೇಲೆ ಕೆಸರು ಬಾಚುವ ಮೊದಲು ಪ್ರತಿ ಕೋಣೆಯ, ಗೋಡೆಯ ಮೇಲಿನ ನೀರಿನ ಗೆರೆಯ ಫೋಟೊ ತೆಗೆಯಿರಿ. ಕಂಪನಿಗೆ ಕೂಡಲೇ ತಿಳಿಸಿ. ಸರ್ವೇಯರ್ ನೋಡುವವರೆಗೆ ಕೆಟ್ಟ ಫ್ರಿಜ್ಜು, ಹಾಸಿಗೆ ಎಸೆಯಬೇಡಿ. ಗ್ರಾಮ ಆಡಳಿತಾಧಿಕಾರಿಯ ಹಾನಿ ವರದಿಯ ನಕಲನ್ನೂ ಕೇಳಿ ಪಡೆಯಿರಿ. ಕ್ಲೇಮು ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.