ಹೆಪಟೈಟಿಸ್ ‘ಡಿ’: ವ್ಯಾಪ್ತಿ, ಪರಿಣಾಮ ಮತ್ತು ತಡೆ

ಕಾಮಾಲೆ ನಮ್ಮ ಜನರಿಗೆ ಹೊಸದಲ್ಲ. ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು, ಹಸಿವು ಕುಂದುವುದು ಇದರ ಲಕ್ಷಣಗಳು. ಆದರೆ ಕಾಮಾಲೆಯು ಸ್ವತಃ ಒಂದು ರೋಗವಲ್ಲ. ಅದು ಬಹುಮಟ್ಟಿಗೆ ಯಕೃತ್ತಿಗೆ ಒದಗಿದ ತೊಂದರೆಯ ಚಿಹ್ನೆ. ಯಕೃತ್ತಿನಲ್ಲಿ ಉರಿಯೂತವನ್ನುಂಟುಮಾಡುವ ವೈರಸುಗಳಲ್ಲಿ ಎ, ಬಿ, ಸಿ, ಡಿ ಮತ್ತು ಇ ಎಂಬ ಐದು ಮುಖ್ಯವಾದವು. ಇವುಗಳಲ್ಲಿ ‘ಡಿ’ಯ ಹೆಸರನ್ನು ಕೇಳಿದವರು ವಿರಳ. ಆದರೂ ಬಹುಕಾಲ ಉಳಿಯುವ ಹೆಪಟೈಟಿಸ್‌ಗಳಲ್ಲಿ ಅತ್ಯಂತ ಉಗ್ರವಾದುದು ಇದೇ.

ವೈರಸಿನ ಸ್ವರೂಪ

1977ರಲ್ಲಿ ಇಟಲಿಯ ಟೂರಿನ್ ನಗರದ ವೈದ್ಯ ಮಾರಿಯೊ ರಿಜೆಟ್ಟೊ ಮತ್ತು ಅವರ ಸಂಗಡಿಗರು ‘ಬಿ’ ರೋಗಿಗಳ ಯಕೃತ್ತಿನಲ್ಲಿ ಇದರ ಕುರುಹನ್ನು ಮೊದಲು ಗುರುತಿಸಿ ‘ಡೆಲ್ಟಾ’ ಎಂದು ಕರೆದರು. ಅದು ಬೇರೆಯೇ ಆದ ಒಂದು ವೈರಸ್ ಎಂಬುದು ಅನಂತರ ತಿಳಿದುಬಂದಿತು. ಈ ವೈರಸಿಗೆ ತನ್ನದೇ ಆದ ಹೊರಕವಚವಿಲ್ಲ. ‘ಬಿ’ ವೈರಸಿನ ಕವಚವನ್ನೇ ಅದು ಆಶ್ರಯಿಸುತ್ತದೆ. ಆದುದರಿಂದ ‘ಬಿ’ ಇಲ್ಲದವರಿಗೆ ‘ಡಿ’ ತಗಲಲಾರದು.

ಎಷ್ಟು ಮಂದಿಗೆ ಇದೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಬಹುಕಾಲದ ‘ಬಿ’ ಸೋಂಕುಳ್ಳ ಪ್ರತಿ 100 ಜನರಲ್ಲಿ ಸುಮಾರು 5 ಮಂದಿಗೆ ‘ಡಿ’ ಸೋಂಕೂ ಉಂಟು. ಮಂಗೋಲಿಯ, ಮಾಲ್ಡೋವ, ಪಶ್ಚಿಮ ಮತ್ತು ಮಧ್ಯ ಆಫ್ರಿಕದ ದೇಶಗಳಲ್ಲಿ ಇದು ಹೆಚ್ಚು. ಭಾರತದ ಹಲವು ಆಸ್ಪತ್ರೆಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಇದು ಅಷ್ಟಾಗಿ ಕಂಡುಬಂದಿಲ್ಲ. ಆದರೆ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ‘ಬಿ’ ಸೋಂಕುಳ್ಳವರು ಸುಮಾರು 3 ಕೋಟಿ. ‘ಡಿ’ಗೆ ಆಸರೆಯಾಗಬಲ್ಲವರು ಇಷ್ಟು ಮಂದಿ ಇರುವಾಗ ನಿರ್ಲಕ್ಷ್ಯ ಸಲ್ಲದು.

ಯಕೃತ್ತಿನ ಮೇಲೆ ಪರಿಣಾಮ

‘ಬಿ’ ಮತ್ತು ‘ಡಿ’ ಒಟ್ಟಿಗೇ ತಗಲಿದರೆ ಕಾಯಿಲೆ ಕೆಲವೊಮ್ಮೆ ತೀವ್ರವಾಗಬಹುದಾದರೂ ಬಹುಪಾಲು ರೋಗಿಗಳು ಪೂರ್ಣವಾಗಿ ಗುಣಹೊಂದುತ್ತಾರೆ. ಮೊದಲೇ ‘ಬಿ’ ಇರುವವರಿಗೆ ಆಮೇಲೆ ‘ಡಿ’ ಸೇರಿಕೊಂಡರೆ ಸ್ಥಿತಿಯೇ ಬೇರೆ: ಇಂಥವರಲ್ಲಿ ಶೇಕಡ 70ರಿಂದ 90ರಷ್ಟು ಮಂದಿಗೆ ರೋಗವು ಸ್ಥಿರವಾಗಿ ನಿಲ್ಲುತ್ತದೆ. ಯಕೃತ್ತು ಗಡಸಾಗಿ ಕುಗ್ಗುವ ಸಿರೋಸಿಸ್, ‘ಬಿ’ ಮಾತ್ರ ಇರುವವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಯಕೃತ್ತಿನ ಕ್ಯಾನ್ಸರಿನ ಅಪಾಯವು ಎರಡರಿಂದ ಆರು ಪಟ್ಟು ಏರುತ್ತದೆ.

ವೆನೆಜುವೆಲದ ಯುಕ್ಪಾ ಬುಡಕಟ್ಟಿನವರಲ್ಲಿ ‘ಬಿ’ ಸೋಂಕು ವ್ಯಾಪಕವಾಗಿತ್ತು. 1979ರಿಂದ 1981ರವರೆಗೆ ಅವರ ನಡುವೆ ‘ಡಿ’ ಹರಡಿದಾಗ, ಕಾಯಿಲೆಬಿದ್ದ 149 ಮಂದಿಯಲ್ಲಿ 34 ಮಂದಿ ಮೃತಪಟ್ಟರು.

ಹರಡುವ ಬಗೆ

ರೋಗಿಯ ರಕ್ತ ಮತ್ತು ದೇಹದ್ರವಗಳ ಮೂಲಕ ಇದು ಹರಡುತ್ತದೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು, ಪರೀಕ್ಷಿಸದ ರಕ್ತ, ಒಬ್ಬರ ಕ್ಷೌರದ ಬ್ಲೇಡನ್ನು ಮತ್ತೊಬ್ಬರು ಬಳಸುವುದು, ಅಸುರಕ್ಷಿತ ಲೈಂಗಿಕ ಸಂಪರ್ಕ ಇವು ಅಪಾಯಕರ. ಒಟ್ಟಿಗೆ ಉಣ್ಣುವುದರಿಂದಾಗಲಿ, ರೋಗಿಯನ್ನು ಮುಟ್ಟುವುದರಿಂದಾಗಲಿ ಹರಡದು. ಆದ್ದರಿಂದ ರೋಗಿಯನ್ನು ದೂರವಿಡಬೇಕಾಗಿಲ್ಲ.

ತಡೆಯುವ ಉಪಾಯ

‘ಡಿ’ಗೆ ಪ್ರತ್ಯೇಕ ಲಸಿಕೆಯಿಲ್ಲ. ಆದರೆ ‘ಬಿ’ ಲಸಿಕೆಯಿಂದ ಎರಡೂ ರೋಗಗಳಿಂದ ರಕ್ಷಣೆ ದೊರೆಯುತ್ತದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದನ್ನೂ, 6, 10 ಮತ್ತು 14ನೆಯ ವಾರಗಳಲ್ಲಿ ಪೆಂಟಾವಲೆಂಟ್ ಲಸಿಕೆಯನ್ನೂ ತಪ್ಪದೆ ಹಾಕಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಉಚಿತ. ಪ್ರತಿಯೊಬ್ಬ ಗರ್ಭಿಣಿಯೂ ‘ಬಿ’ಗಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕು ಕಂಡುಬಂದಲ್ಲಿ ಹೆರಿಗೆಯನ್ನು ಆಸ್ಪತ್ರೆಯಲ್ಲಿಯೇ ಮಾಡಿಸಿಕೊಂಡು, ಮಗುವಿಗೆ ಲಸಿಕೆಯೊಡನೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಿಸಬೇಕು.

ಈಗಾಗಲೇ ‘ಬಿ’ ಇರುವವರಿಗೆ ಈ ಲಸಿಕೆಯಿಂದ ಪ್ರಯೋಜನವಿಲ್ಲ. ಅಂಥವರು ‘ಡಿ’ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಬೇಕು. ಏಕೆಂದರೆ ‘ಬಿ’ಗೆ ಕೊಡುವ ಮಾತ್ರೆಗಳು ‘ಡಿ’ಯನ್ನು ಹತೋಟಿಗೆ ತರಲಾರವು. ಇಂಟರ್‌ಫೆರಾನ್ ಚುಚ್ಚುಮದ್ದು ಕೆಲವರಿಗೆ ಮಾತ್ರ ಫಲಕಾರಿ. ಬುಲೆವಿರ್ಟೈಡ್ ಎಂಬ ಔಷಧಕ್ಕೆ 2020ರಲ್ಲಿ ಯುರೋಪಿನಲ್ಲಿ ಅನುಮತಿ ದೊರೆಯಿತು. ಕೈಗೆ ಬರೆ ಹಾಕಿಸುವುದರಿಂದ ವೈರಸ್ ನಾಶವಾಗದು. ಚಿಕಿತ್ಸೆಯ ಅಮೂಲ್ಯ ಕಾಲ ಮಾತ್ರ ವ್ಯರ್ಥವಾಗುತ್ತದೆ. ಮದ್ಯಪಾನವನ್ನು ಪೂರ್ಣವಾಗಿ ವರ್ಜಿಸಬೇಕು.

ಹುಟ್ಟಿದ ದಿನವೇ ಕೊಡಿಸುವ ಒಂದು ಚುಚ್ಚುಮದ್ದು ಮಗುವಿನ ಯಕೃತ್ತನ್ನು ಎರಡು ವೈರಸುಗಳಿಂದ ಕಾಯುವ ಮೊದಲ ಹೆಜ್ಜೆ. ತಂದೆತಾಯಿಗಳು ಇದನ್ನು ಮುಂದೂಡಬಾರದು.