ಲೆಕ್ಕ ಯಾರಿಗೆ, ಯಾವ ಭಾಷೆಯಲ್ಲಿ? : ಸ್ವಯಂಸೇವಾ ಸಂಸ್ಥೆಗಳ ಉತ್ತರದಾಯಿತ್ವ ಮತ್ತು ಸಾರ್ವಜನಿಕ ವಿಶ್ವಾಸ

ಸರ್ಕಾರೇತರ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಎನ್.ಜಿ.ಓ. ಎಂಬ ಮೂರು ಹೆಸರುಗಳು ಕನ್ನಡದಲ್ಲಿ ಒಂದೇ ಬಗೆಯ ಸಂಸ್ಥೆಗೆ ಬಳಕೆಯಲ್ಲಿವೆ. ಮೊದಲನೆಯದು ಅದು ಏನಲ್ಲ ಎಂಬುದನ್ನು ಹೇಳುತ್ತದೆ. ಎರಡನೆಯದು ಅದರ ಆದರ್ಶವನ್ನು ಸೂಚಿಸುತ್ತದೆ. ಮೂರನೆಯದನ್ನು ಆಡುವಾಗ ಗೌರವದ ಜೊತೆಗೆ ‘ಎಲ್ಲಿಂದಲೋ ಹಣ ಬರುತ್ತದೆ’ ಎಂಬ ಗುಮಾನಿಯೂ ಬೆರೆತಿರುತ್ತದೆ. ಈ ಗುಮಾನಿಯನ್ನು ಅಪಪ್ರಚಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ನ್ಯಾಯವಾದ ಪ್ರಶ್ನೆಯೊಂದಿದೆ: ನಮ್ಮ ಹೆಸರಿನಲ್ಲಿ ಬಂದ ಹಣದ ಲೆಕ್ಕ ನಮಗೇಕೆ ತಿಳಿಯುವುದಿಲ್ಲ? ಈ ಪ್ರಶ್ನೆಯನ್ನು ಭಾಷೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮೇಲ್ಮುಖವಾದ ಲೆಕ್ಕ

ಈ ಸಂಸ್ಥೆಗಳು ಲೆಕ್ಕ ಕೊಡುವುದೇ ಇಲ್ಲವೆಂಬ ಮಾತು ಸರಿಯಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತವಾದ ಸಂಘವು ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ತೆರಿಗೆ ವಿನಾಯಿತಿ ಬೇಕಾದರೆ ಆದಾಯ ತೆರಿಗೆ ಇಲಾಖೆಗೆ, ವಿದೇಶಿ ನೆರವು ಪಡೆದರೆ ಕೇಂದ್ರ ಗೃಹ ಸಚಿವಾಲಯಕ್ಕೆ, ಯೋಜನೆಗೆ ಹಣ ಕೊಟ್ಟ ದಾನಿಗೆ ಬೇರೆ ಬೇರೆ ವರದಿಗಳು ಹೋಗುತ್ತವೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು, ವಿದೇಶಿ ಹಣವು ಮೊದಲು ದೆಹಲಿಯ ಗೊತ್ತುಪಡಿಸಿದ ಬ್ಯಾಂಕ್ ಶಾಖೆಗೇ ಬರಬೇಕೆಂದು ವಿಧಿಸಿತು.

ಈ ಎಲ್ಲ ಲೆಕ್ಕಗಳಿಗೂ ಒಂದು ಸಮಾನ ಲಕ್ಷಣವಿದೆ. ಅವು ಕೆಳಗಿನಿಂದ ಮೇಲಕ್ಕೆ ಚಲಿಸುತ್ತವೆ ಮತ್ತು ಬಹುಪಾಲು ಇಂಗ್ಲಿಷಿನಲ್ಲಿರುತ್ತವೆ. ಯಾರಿಗಾಗಿ ಯೋಜನೆ ರೂಪುಗೊಂಡಿತೋ ಆ ಸಮುದಾಯವು ವರದಿಯಲ್ಲಿ ‘ಫಲಾನುಭವಿ’ಯಾಗಿ, ಅಂಕಿಯಾಗಿ, ಛಾಯಾಚಿತ್ರವಾಗಿ ಬರುತ್ತದೆಯೇ ಹೊರತು ಓದುಗನಾಗಿ ಬರುವುದಿಲ್ಲ. ನಿಯಂತ್ರಣ ಬಿಗಿಯಾದಷ್ಟೂ ವಿಶ್ವಾಸ ಹೆಚ್ಚುತ್ತದೆಂಬ ಗ್ರಹಿಕೆಯೂ ಪ್ರಶ್ನಾರ್ಹ. 2022ರ ಜುಲೈನಲ್ಲಿ ನಿಯಮಗಳನ್ನು ತಿದ್ದಿದಾಗ, ಮೂರು ತಿಂಗಳಿಗೊಮ್ಮೆ ವಿದೇಶಿ ವಂತಿಗೆಯ ವಿವರವನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ನಿಯಮವನ್ನು ಕೈಬಿಡಲಾಯಿತು. ಪ್ರಭುತ್ವದ ಹಿಡಿತ ಬಲಗೊಂಡ ಕಾಲದಲ್ಲಿಯೇ ಜನರ ಕಣ್ಣಿಗೆ ಕಾಣುವ ಮಾಹಿತಿ ಕಡಿಮೆಯಾಗಬಹುದೆಂಬುದಕ್ಕೆ ಇದು ನಿದರ್ಶನ.

2. ಊರ ನಡುವೆ ಓದಿದ ಲೆಕ್ಕ

ಇದಕ್ಕೆ ಪ್ರತಿಯಾದ ಮಾದರಿಯೊಂದು ರಾಜಸ್ಥಾನದಲ್ಲಿ ರೂಪುಗೊಂಡಿತು. 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ‘ಜನಸುನವಾಯಿ’ಯನ್ನು ನಡೆಸಿತು. ಪಂಚಾಯತಿ ಕಾಮಗಾರಿಗಳ ಕೂಲಿ ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಜನರೆದುರು ಗಟ್ಟಿಯಾಗಿ ಓದಲಾಯಿತು. ಓದು ಬಾರದವರಿಗೂ ಕಡತ ಅರ್ಥವಾದದ್ದು ಅದು ಅವರ ಆಡುಮಾತಿಗೆ ಇಳಿದಾಗ. ಈ ಹೋರಾಟ 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿ ಮಾಡಿತೆಂಬುದು ಸರ್ವವಿದಿತ.

ಅಲ್ಲಿ ಪರೀಕ್ಷೆಗೊಳಗಾದದ್ದು ಸರ್ಕಾರದ ಹಣ. ಅದೇ ಪ್ರಶ್ನೆ ಸ್ವಯಂಸೇವಾ ಸಂಸ್ಥೆಗಳಿಗೂ ಅನ್ವಯಿಸುತ್ತದೆಯೆ? ಸರ್ಕಾರದಿಂದ ಗಣನೀಯ ಪ್ರಮಾಣದ ಹಣ ಪಡೆಯುವ ಸರ್ಕಾರೇತರ ಸಂಸ್ಥೆಗಳನ್ನು ಮಾಹಿತಿ ಹಕ್ಕು ಕಾಯಿದೆಯ 2(ಎಚ್) ಕಲಮು ತನ್ನ ವ್ಯಾಪ್ತಿಗೆ ತರುತ್ತದೆ. ಡಿ.ಎ.ವಿ. ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ 2019ರ ಸೆಪ್ಟೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿತು. ನಮ್ಮ ದೃಷ್ಟಿಯಿಂದ ಇನ್ನೂ ಮುಖ್ಯವಾದುದು ಅದೇ ಕಾಯಿದೆಯ 4(4)ನೆಯ ಕಲಮು. ಮಾಹಿತಿಯನ್ನು ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು ಅದು ಹೇಳುತ್ತದೆ. ಅರ್ಥವಾಗದ ಭಾಷೆಯಲ್ಲಿ ಪ್ರಕಟವಾದ ಲೆಕ್ಕವು ಮುಚ್ಚಿಟ್ಟ ಲೆಕ್ಕಕ್ಕಿಂತ ಹೆಚ್ಚು ದೂರದಲ್ಲಿಲ್ಲ ಎಂಬ ತಿಳಿವು ಈ ಮಾತಿನಲ್ಲಡಗಿದೆ.

3. ದಾನಶಾಸನದ ಒಂದು ಒಳನೋಟ

ಶಾಸನಗಳ ಅಧ್ಯಯನ ಮಾಡಿದವರಿಗೆ ಈ ತಿಳಿವು ಹೊಸದಲ್ಲ. ಕನ್ನಡ ನಾಡಿನ ಹಲವು ದ್ವಿಭಾಷಿಕ ದಾನಶಾಸನಗಳಲ್ಲಿ ರಾಜನ ಪ್ರಶಸ್ತಿ ಸಂಸ್ಕೃತದಲ್ಲಿರುತ್ತದೆ; ದತ್ತಿಯ ಭೂಮಿ ಎಷ್ಟು, ಅದರ ಎಲ್ಲೆಗಳು ಯಾವುವು, ಯಾರಿಗೆ, ಯಾವ ಕಾರ್ಯಕ್ಕೆ ಎಂಬ ವಿವರ ಕನ್ನಡದಲ್ಲಿರುತ್ತದೆ. ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ, ಗಡಿಯ ಮಾತು ಮಾತ್ರ ಊರಿನವರಿಗೆ ತಿಳಿಯಲೇಬೇಕು. ಕಲ್ಲಿನ ಮೇಲೆ ಬರೆದು ದೇಗುಲದ ಬಳಿ ನಿಲ್ಲಿಸಿದ ಲೆಕ್ಕಕ್ಕೆ ಊರೇ ಸಾಕ್ಷಿ.

ಇಲ್ಲಿ ಎಚ್ಚರವೂ ಅಗತ್ಯ. ಅಕ್ಷರವು ಕೆಲವರ ಸೊತ್ತಾಗಿದ್ದ, ಶ್ರೇಣೀಕೃತವಾದ ಆ ಸಮಾಜವನ್ನು ಪ್ರಜಾಸತ್ತೆಯ ಮಾದರಿಯೆಂದು ಕೊಂಡಾಡಲಾಗದು. ನಮಗೆ ಉಪಯುಕ್ತವಾಗುವುದು ಅದರ ಭಾಷಾವಿವೇಕ ಮಾತ್ರ. ಇಂದಿನ ವಾರ್ಷಿಕ ವರದಿಗಳಲ್ಲಿ ಪ್ರಶಸ್ತಿಯೂ ಇಂಗ್ಲಿಷಿನಲ್ಲಿದೆ, ಎಲ್ಲೆಯೂ ಇಂಗ್ಲಿಷಿನಲ್ಲಿದೆ. ಊರಿಗೆ ಉಳಿದಿರುವುದು ನಾಮಫಲಕವಷ್ಟೆ.

4. ಸಾಧ್ಯತೆಗಳು

ಹಾಗಾದರೆ ಮಾಡಬೇಕಾದುದೇನು? ಒಂದು, ಸಂಸ್ಥೆಯು ಆಯಾ ಊರಿಗೆ ಸಂಬಂಧಿಸಿದ ಒಂದು ಪುಟದ ಲೆಕ್ಕವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಗೋಡೆಯ ಮೇಲೆ ಬರೆಸಬೇಕು: ಬಂದ ಹಣ, ಕೊಟ್ಟವರು, ಸಂಬಳಕ್ಕೆ ಹೋದದ್ದು, ಕೆಲಸಕ್ಕೆ ಹೋದದ್ದು. ಎರಡು, ವರ್ಷಕ್ಕೊಮ್ಮೆ ಅದನ್ನು ಜನರೆದುರು ಓದಿ, ಪ್ರಶ್ನೆಗಳನ್ನೂ ಉತ್ತರಗಳನ್ನೂ ದಾಖಲಿಸಬೇಕು. ಮೂರು, ವಿಫಲವಾದ ಕೆಲಸಗಳನ್ನೂ ಹೇಳಬೇಕು. ಸೋಲನ್ನು ಮರೆಮಾಚುವ ವರದಿಯನ್ನು ದಾನಿ ಮೆಚ್ಚಬಹುದು, ಬತ್ತಿದ ಕೊಳವೆಬಾವಿಯನ್ನು ದಿನವೂ ನೋಡುವ ಊರು ನಂಬಲಾರದು. ಸಂಬಳದ ವೆಚ್ಚವನ್ನು ಅಪರಾಧವೆಂಬಂತೆ ಅಡಗಿಸಬೇಕಾಗಿಯೂ ಇಲ್ಲ. ಹಳ್ಳಿಯಲ್ಲಿ ಪಾಠ ಹೇಳುವ ಕಾರ್ಯಕರ್ತೆಯ ಸಂಬಳವೇ ಆ ಯೋಜನೆಯ ಕೆಲಸವೆಂಬುದನ್ನು ವಿವರಿಸಿದರೆ ಜನ ಒಪ್ಪುತ್ತಾರೆ.

ಕನ್ನಡ ವಿಭಾಗಗಳ ಪಾತ್ರವೂ ಇಲ್ಲಿದೆ. ಆಡಳಿತ ಕನ್ನಡವೆಂದರೆ ಪಾರಿಭಾಷಿಕ ಪದಗಳ ಪಟ್ಟಿಯೆಂದೇ ನಾವು ಬಹುಕಾಲ ತಿಳಿದಿದ್ದೇವೆ. ‘ಉತ್ತರದಾಯಿತ್ವ’ವೆಂಬ ಪದವನ್ನು ಕಟ್ಟಿದರೆ ಸಾಲದು, ಅದು ‘ಲೆಕ್ಕ ಒಪ್ಪಿಸುವುದು’ ಎಂಬ ಆಡುಮಾತಿನೊಡನೆ ಬೆಸೆದುಕೊಳ್ಳಬೇಕು. ಒಪ್ಪಿಸುವುದೆಂದರೆ ವಶಕ್ಕೆ ಕೊಡುವುದೂ ಹೌದು, ಒಪ್ಪುವಂತೆ ಮಾಡುವುದೂ ಹೌದು. ಸ್ವಯಂಸೇವಾ ಸಂಸ್ಥೆಗಳು ಇಂದು ಕಳೆದುಕೊಳ್ಳುತ್ತಿರುವ ವಿಶ್ವಾಸವು ಈ ಎರಡು ಅರ್ಥಗಳ ನಡುವಿನ ಬಿರುಕಿನಲ್ಲಿದೆ. ಲೆಕ್ಕವನ್ನು ಮೇಲಿನವರಿಗೆ ಸಲ್ಲಿಸಿ ಮುಗಿಸುವ ಬದಲು ಊರಿಗೆ ಒಪ್ಪಿಸಿದಾಗ ಮಾತ್ರ ಆ ಬಿರುಕು ಮುಚ್ಚೀತು.